ಕೈ ತೊಳೆಯದ ಸಮಿತಿ

ನೀರು ಕಾಯಿಸುವ ಕಾಯಿಲಿಗೆ ಶಾಕ್ ತಡೆಯುವ ಅರ್ತಿಂಗ್ ತಂತಿ ಬೇಕೋ ಬೇಡವೋ ಎಂದು ತೀರ್ಮಾನಿಸಲು ಒಂದು ಸಮಿತಿ ಕೂತಿತ್ತು. ಕೂತವರ ಮನೆಗಳಲ್ಲೆಲ್ಲ ಗೀಸರ್ ಇತ್ತು, ಅದು ಬೇರೆ ಮಾತು. ಬಳಕೆದಾರರ ಸಂಘದವರು ಟೈಲರ್ ಸಿದ್ದಗಂಗಮ್ಮನನ್ನು ಸಂಬಳವಿಲ್ಲದ ವೀಕ್ಷಕಿಯಾಗಿ ಕಳಿಸಿದ್ದರು. ಸಭೆಯ ವರದಿ ಬರೆಯುವ ಕೆಲಸವೂ ಅವಳ ಮೇಲೇ ಬಿತ್ತು. ಅವಳ ತಂಗಿ ಸತ್ತದ್ದು ಬಚ್ಚಲಲ್ಲಿ, ಅಂಥದ್ದೇ ಕಾಯಿಲ್ ಇದ್ದ ಬಕೆಟ್ಟಿಗೆ ಕೈ ಹಾಕಿ.

ಅಧ್ಯಕ್ಷರು ಮೊದಲೇ ಗದರಿದರು. “ನೋಡಮ್ಮ, ಯಾರು ಏನಂದರು ಅಂತೆಲ್ಲ ವರದೀಲಿ ಬರೆಯೋ ಹಾಗಿಲ್ಲ. ಎಲ್ಲರೂ ಒಪ್ಪಿದ್ದನ್ನ ಮಾತ್ರ ಬರೀಬೇಕು.”

“ಆಗಲಿ ಸಾರ್,” ಅಂದಳು.

ಮಧ್ಯಾಹ್ನದ ಹೊತ್ತಿಗೆ ತೀರ್ಮಾನವಾಯಿತು. ತಂತಿ ಬೇಡ, ಕಾಯಿಲ್ ಸುರಕ್ಷಿತ. ಅಷ್ಟರಲ್ಲಿ ಊಟ ಬಂತು. ಸಿದ್ದಗಂಗಮ್ಮ ಮಾದರಿಗೆಂದು ಮೇಜಿನ ಮೇಲಿಟ್ಟಿದ್ದ, ತಂತಿಯಿಲ್ಲದ ಅದೇ ಕಾಯಿಲನ್ನು ಒಂದು ಬಕೆಟ್ ನೀರಿಗೆ ಇಳಿಸಿ ಸ್ವಿಚ್ ಹಾಕಿದಳು.

“ಬಿಸಿನೀರಿದೆ, ಕೈ ತೊಳ್ಕೊಳ್ಳಿ ಸಾರ್. ಸ್ವಿಚ್ ಆರಿಸೋದೇನೂ ಬೇಡ.”

ಯಾರೂ ಏಳಲಿಲ್ಲ. ಒಬ್ಬರು ಚಮಚ ಕೇಳಿದರು. ಆಮೇಲೆ ಎಲ್ಲರೂ ಕೇಳಿದರು. ಅಧ್ಯಕ್ಷರು ಒಬ್ಬಟ್ಟನ್ನೂ ಚಮಚದಲ್ಲೇ ತಿಂದರು.

ಸಂಜೆ ಅವಳು ವರದಿ ಓದಿದಳು. “ಸಮಿತಿಯ ಎಲ್ಲರೂ ಎರಡು ಮಾತು ಒಪ್ಪಿದರು. ಈ ಕಾಯಿಲ್ ಸುರಕ್ಷಿತ. ಇದು ಕಾಯಿಸುತ್ತಿರುವ ನೀರಿಗೆ ಕೈ ಹಾಕಬಾರದು.”

ಅಧ್ಯಕ್ಷರ ಮುಖ ಕೆಂಪಾಯಿತು. “ಎರಡನೇದನ್ನ ನಾವು ಯಾವಾಗಮ್ಮ ಒಪ್ಪಿದ್ದು?”

“ಒಪ್ಪದೇ ಇರೋರು ಈಗಲೇ ಕೈ ತೊಳ್ಕೊಳ್ಳಿ ಸಾರ್, ಆ ಸಾಲು ಹೊಡೆದುಹಾಕ್ತೀನಿ. ಬಕೆಟ್ಟು ಇನ್ನೂ ಅಲ್ಲೇ ಇದೆ, ಸ್ವಿಚ್ ಮತ್ತೆ ಹಾಕ್ತೀನಿ.”

ಆ ಸಾಲು ವರದಿಯಲ್ಲೇ ಉಳಿಯಿತು.

ಆದರೆ ಮುಂದಿನ ಸಭೆಯ ಹೊತ್ತಿಗೆ ಸಮಿತಿ ತನ್ನ ತಪ್ಪನ್ನು ತಿದ್ದಿಕೊಂಡಿತ್ತು. ಅರ್ತಿಂಗ್ ತಂತಿಯಿಲ್ಲದ ಕಾಯಿಲ್ ಅಂಗಡಿಗಳಿಗೆ ಬಂದಿತ್ತು. ಸಭೆಯಲ್ಲಿ ಊಟ ಹಾಕುವುದನ್ನು ನಿಲ್ಲಿಸಿದ್ದರು.