ಜವರಮ್ಮನ ಮಗ ಹಣ್ಣಿನ ಕಡ್ಡಿ ಮಾಡಿದ್ದು

ಇಂಥ ಕತೆ ಹೇಳೋರು ಪೆದ್ದನಿಂದ ಶುರು ಮಾಡ್ತಾರೆ, ಕೇಳೋರು ನಗ್ತಾರೆ. ನಾನು ಪೆದ್ದನ ಅವ್ವನಿಂದ ಶುರು ಮಾಡ್ತೀನಿ. ಆಮೇಲೂ ನಗು ಬಂದರೆ ನಕ್ಕೊಳ್ಳಿ, ಬೇಡ ಅನ್ನೋಕೆ ನಾನ್ಯಾರು?

ಹೆದ್ದಾರಿ ಪಕ್ಕ ಒಂದೂರು. ಆ ಊರಲ್ಲಿ ಜವರಮ್ಮ. ಜವರಮ್ಮನಿಗೆ ಗಂಡ ಇಲ್ಲ, ಇರೋನು ಒಬ್ಬನೇ ಮಗ, ಬೆಟ್ಟಸ್ವಾಮಿ. ವಯಸ್ಸು ಇಪ್ಪತ್ತೆಂಟು, ಆಳು ಆರಡಿ, ಬುದ್ಧಿ ಮಾತ್ರ ಎಲ್ಲೋ ದಾರೀಲಿ ಬಿದ್ದುಹೋಗಿತ್ತು. "ಹಾಲು ಉಕ್ತದೇನೋ ನೋಡ್ತಿರು" ಅಂದರೆ, ಉಕ್ಕಿ, ಚೆಲ್ಲಿ, ಒಲೆ ಆರೋವರೆಗೂ ನೋಡ್ತಾನೇ ನಿಲ್ಲೋನು. "ಉಕ್ತು ಕಣವ್ವ, ನೋಡ್ದೆ!" ಅನ್ನೋನು.

ಎಲ್ಲಾ ಅವನದೇ ತಪ್ಪು ಅನ್ನೋ ಹಾಗೂ ಇಲ್ಲ. ಆರು ವರ್ಷದವನಿದ್ದಾಗ ಬೇಡ ಬೇಡ ಅಂದರೂ ಬಾವಿ ಕಟ್ಟೆ ಹತ್ತಿದ್ದ. ಜವರಮ್ಮ ರಟ್ಟೆ ಹಿಡಿದು ಎಳೆದು, ಹುಣಸೆ ಬರಲು ತಗೊಂಡು ಬಾರಿಸಿದ್ದಳು. "ಹೇಳ್ದಂಗೆ ಮಾಡು! ಏನ್ ಹೇಳ್ತೀನೋ ಹೇಳ್ದಂಗೆ ಮಾಡು!" ಅವನ ತಲೆಗೆ ಹೋಗಿದ್ದು ಆ ಪಾಠ ಒಂದೇ. ಕಲಿಸಿದವಳೂ ಅವಳೇ.

ಜವರಮ್ಮನ ಕಸುಬು ಹಣ್ಣಿನ ಕಡ್ಡಿ ಮಾಡೋದು. ಬರ್ತ್‌ಡೇ ಪಾರ್ಟಿಗೆ ಇಡ್ತಾರಲ್ಲ, ಅದು. ಬಿದಿರು ಕಡ್ಡಿಗೆ ದ್ರಾಕ್ಷಿ, ಬಾಳೆ, ಸ್ಟ್ರಾಬೆರಿ ಪೋಣಿಸಿ, ಕರಗಿಸಿದ ಚಾಕಲೇಟಲ್ಲಿ ಅರ್ಧಕ್ಕೆ ಅದ್ದಿ, ತುದೀಲಿ ಚಾಕಲೇಟಿಂದಲೇ ಎರಡು ಕಣ್ಣು ಒಂದು ಬಾಯಿ ಇಟ್ಟಳು ಅಂದರೆ ಕಂಬಳಿಹುಳು ನಗ್ತಾ ಕೂತ ಹಾಗಿರೋದು. ಮಕ್ಕಳು ಕೇಕು ಬಿಟ್ಟು ಇದಕ್ಕೆ ಮುಗಿಬೀಳೋರು. ಆದರೆ ಎರಡು ವರ್ಷದಿಂದ ಅವಳ ಕೈ ನಡುಗೋಕೆ ಶುರುವಾಗಿತ್ತು. ಕಣ್ಣು ಇಡೋಕೆ ಹೋದರೆ ಬಾಯಿ ಹತ್ತಿರ ಬೀಳೋದು. ಈ ಕೈ ನಿಂತರೆ ಇವನ ಗತಿ ಏನು? ನಾನು ಹೋದ ಮೇಲೆ ಇವನಿಗೆ ಒಂದು ತುತ್ತು ಹಾಕೋರು ಯಾರು? ಜವರಮ್ಮನ ಎದೇಲಿ ಇದ್ದಿದ್ದು ಇದೊಂದೇ ಮಾತು.

ಪಾರ್ಟಿಗಳ ಕಂಟ್ರಾಕ್ಟರು ಪುಟ್ಟಬಸಪ್ಪ ಅಂತ. ಅವನು ಒಂದಿನ ಬಾಗಿಲಿಗೇ ಬಂದು ಹೇಳಿದ. "ಜವರಮ್ಮ, ನಿನ್ ಕೈಲಿ ಇನ್ನಾಗಕ್ಕಿಲ್ಲ. ಮಗನ್ನ ಕಳ್ಸು. ಮೂರು ಪಾರ್ಟಿ ನೋಡ್ತೀನಿ. ಕಲಿತ್ರೆ ಅವನಿರೋಗಂಟ ಕೆಲ್ಸ ಅವಂದೇ. ಕಲೀದಿದ್ರೆ ಬೇರೆಯೋರು ಅವ್ರೆ."

ಜವರಮ್ಮ ದೇವರಿಗೆ ದೀಪ ಹಚ್ಚಿದಳು. ಮಗನನ್ನ ಎದುರಿಗೆ ಕೂರಿಸಿಕೊಂಡು ದ್ರಾಕ್ಷಿ ಮೊದಲು, ಬಾಳೆ ಆಮೇಲೆ, ಅಂತ ಹತ್ತು ಸಲ ಹೇಳಿಕೊಟ್ಟಳು. ಹೊರಡೋವಾಗ ಇನ್ನೊಂದು ಮಾತು ಸೇರಿಸಿದಳು. ಅಲ್ಲೇ ಕೆಟ್ಟಿದ್ದು.

"ಮಗಾ, ಪಾರ್ಟಿ ಮನೆ ತುಂಬ ಮಕ್ಕಳಿರ್ತವೆ. ಹಣ್ಣಿನ ಮೇಲೆ ಕಣ್ಣಿಟ್ಟಿರು!"

"ಆಯ್ತವ್ವ!"

ಹೋದ. ಬುಟ್ಟಿ ಬಿಚ್ಚಿದ. ಚಾಕಲೇಟು ಕರಗಿಸಿದ. ಒಂದು ದ್ರಾಕ್ಷಿ ತಗೊಂಡ, ಎರಡು ಕಣ್ಣಿಟ್ಟ. ಇನ್ನೊಂದು ದ್ರಾಕ್ಷಿ, ಇನ್ನೆರಡು ಕಣ್ಣು. ಇಪ್ಪತ್ತು ಗೊಂಚಲು ದ್ರಾಕ್ಷಿಗೂ ಕಣ್ಣು. ಬಾಳೆ ಗೊನೆಗೆ ಕಣ್ಣು. ಹೆಚ್ಚದೇ ಇದ್ದ ಕಲ್ಲಂಗಡಿಗೆ ಅಂಗೈ ಅಗಲ ಕಣ್ಣು! ಅವನು ಒಂದು ಕಡೆ ಕಣ್ಣಿಡ್ತಾ ಹೋದ, ಮಕ್ಕಳು ಇನ್ನೊಂದು ಕಡೆಯಿಂದ ತಿಂತಾ ಬಂದವು. ಕೇಕು ಕತ್ತರಿಸೋ ಹೊತ್ತಿಗೆ ಒಂದು ಕಡ್ಡಿಯೂ ಇಲ್ಲ, ಒಂದು ಹಣ್ಣೂ ಇಲ್ಲ. ಕಲ್ಲಂಗಡಿ ಮಾತ್ರ ಎಲ್ಲರನ್ನೂ ದುರುಗುಟ್ಟಿಕೊಂಡು ನೋಡ್ತಾ ಇತ್ತು.

"ಅಯ್ಯೋ ನನ್ನ ಹಣೇಬರಾನೇ!" ಜವರಮ್ಮ ಹಣೆ ಚಚ್ಚಿಕೊಂಡಳು.

"ಹೇಳ್ದಂಗೆ ಮಾಡ್ದೆ ಕಣವ್ವ! ಒಂದನ್ನೂ ಬಿಡ್ನಿಲ್ಲ!"

"ಹಂಗಲ್ಲ ಕಣ್ಲಾ ದಡ್ಡ! ಕಡ್ಡಿಗೆ ಪೋಣಿಸಿ ಸಾಲಾಗಿ ಇಡು. ಹೊತ್ತಿಗೆ ಮುಂಚೆ ಯಾರಾದ್ರೂ ಹತ್ರ ಬಂದ್ರೆ ಮುಖ ಮುಖ ನೋಡ್ಬೇಡ. ಕಡ್ಡಿ ಮುರಿದಂಗೆ ಹೇಳು, ಈಗ ಮುಟ್ಟಂಗಿಲ್ಲ ಅಂತ!"

"ಕಡ್ಡಿ ಮುರಿದಂಗೆ?"

"ಹೂಂ, ಕಡ್ಡಿ ಮುರಿದಂಗೆ!"

"ಆಯ್ತವ್ವ!"

ಎರಡನೇದು ಒಂದು ನಿಶ್ಚಿತಾರ್ಥ. ಈ ಸಲ ಬೆಟ್ಟಸ್ವಾಮಿ ನೂರು ಕಡ್ಡಿ ಪೋಣಿಸಿದ. ಅಂಕುಡೊಂಕು ಇದ್ದವು, ಇರಲಿ, ಪೋಣಿಸಿದ್ದಂತೂ ನಿಜ. ಸಾಲಾಗಿ ಇಟ್ಟು ಪಕ್ಕದಲ್ಲಿ ನಿಂತ. ಗಂಡಿನ ಚಿಕ್ಕಪ್ಪ ಬಂದ.

"ಏನಪ್ಪಾ ಇದು, ಚೆನ್ನಾಗದಲ್ಲ?"

ಬೆಟ್ಟಸ್ವಾಮಿ ಒಂದು ಕಡ್ಡಿ ಎತ್ತಿದ. ಲಟಕ್! "ಈಗ ಮುಟ್ಟಂಗಿಲ್ಲ!"

ಹೆಣ್ಣಿನ ಅತ್ತೆ ಬಂದಳು. ಲಟಕ್! "ಈಗ ಮುಟ್ಟಂಗಿಲ್ಲ!" ಸ್ಟ್ರಾಬೆರಿ ಹಾರಿ ರೇಷ್ಮೆ ಸೀರೆ ಮೇಲೆ ಬಿತ್ತು. ಪುರೋಹಿತರು ಬಂದರು, ಲಟಕ್. ಫೋಟೋದವನು ಬಂದ, ಲಟಕ್. ಹುಚ್ಚು ಯಾರಿಗೆ ಹಿಡಿದಿದೆ ಅಂತ ನೋಡೋಕೆ ಜನ ಬರ್ತಾನೇ ಹೋದರು, ಅವನು ಮುರೀತಾನೇ ಹೋದ. ಕಡೆಗೆ ಪುಟ್ಟಬಸಪ್ಪನೇ ಓಡಿ ಬಂದ. "ಲೋ, ಈಗ ಹೊತ್ತಾಯ್ತು, ಕೊಡ್ಲಾ ಎಲ್ಲರ್ಗೂ!" ಅಂದ. ಕೊಡೋಕೆ ಏನಿತ್ತು? ಬೆಟ್ಟಸ್ವಾಮಿ ನೂರನೇ ಕಡ್ಡಿಯನ್ನ ಅವನ ಮೂಗಿನ ಕೆಳಗೇ ಮುರಿದ.

ಊರೆಲ್ಲ ನಕ್ಕಿತು. ಊರಿಗೇನು, ನಡುಗೋ ಕೈ ಅದರದಲ್ಲವಲ್ಲ. ಜವರಮ್ಮ ನಗಲಿಲ್ಲ. ಪುಟ್ಟಬಸಪ್ಪನ ಕಾಲು ಹಿಡಿದಳು. "ಇನ್ನೊಂದು ಪಾರ್ಟಿ ಅದಲ್ಲ ಸ್ವಾಮಿ, ಕೊಟ್ಟ ಮಾತು!" ಅಂದಳು.

"ಸರಿ, ಇದೇ ಕಡೇದು," ಅಂದ ಅವನು.

ಮನೆಗೆ ಬಂದು ಮಗನಿಗೆ ಬೈದಳು. ಗಂಟಲು ಕಟ್ಟೋವರೆಗೂ ಬೈದಳು. ಆಮೇಲೆ ತಲೆ ಸವರಿ ಹೇಳಿದಳು.

"ಕಡ್ಡಿ ಮುರೀಬೇಡ ಕಣಪ್ಪ. ಯಾರನ್ನೂ ತಡೀಬೇಡ. ನಗ್‌ನಗ್ತಾ ನಿಂತ್ಕೊ. ಬಂದೋರ ಬಾಯಿ ಸಿಹಿ ಮಾಡು, ಅಷ್ಟೇಯ."

"ಬಂದೋರೆಲ್ಲರದ್ದೂವಾ?"

"ಎಲ್ಲರದ್ದೂವೆ."

"ಆಯ್ತವ್ವ!"

ಮೂರನೇದು ರಿಟೈರಾದ ಹೆಡ್‌ಮಾಸ್ತರರ ಎಪ್ಪತ್ತೈದನೇ ಹುಟ್ಟುಹಬ್ಬ. ಬೆಟ್ಟಸ್ವಾಮಿ ಚಾಕಲೇಟಿನ ಪಾತ್ರೆ ಕಂಕುಳಲ್ಲಿ ಇಟ್ಟುಕೊಂಡು, ಕೈಲಿ ಸೌಟು ಹಿಡಿದು, ನಗ್‌ನಗ್ತಾ ಬಾಗಿಲಲ್ಲಿ ನಿಂತ. ಮೊದಲು ಬಂದ ಬೀಗರ ಗದ್ದ ಹಿಡಿದು ತುಟಿ ಮೇಲಿಂದ ಕೆಳಗಿನವರೆಗೂ ಬಳಿದ. "ಬಾಯಿ ಸಿಹಿ ಆಯ್ತಾ?" ಆಮೇಲೆ ಬೀಗಿತಿ. ಆಮೇಲೆ ಬ್ಯಾಂಕಿನ ಮೇನೇಜರು. ಮುದುಕಿಯರು ಸೆರಗು ಅಡ್ಡ ಹಿಡಿದು ಓಡಿದರೆ ಅಟ್ಟಿಸಿಕೊಂಡು ಹೋಗಿ ಬಳಿದ. ಕಡೆಗೆ ಕುರ್ಚೀಲಿ ಕೂತಿದ್ದ ಹೆಡ್‌ಮಾಸ್ತರರ ಹತ್ತಿರ ಬಂದ. ಹಾಲಿನಂಥ ಬಿಳಿ ಮೀಸೆ ಅವರದು. ಒಂದೇ ಸೌಟು.

ಪುಟ್ಟಬಸಪ್ಪ ಅವನನ್ನ ಕುತ್ತಿಗೆಪಟ್ಟಿ ಹಿಡಿದು ತಂದು ಜವರಮ್ಮನ ಅಂಗಳಕ್ಕೆ ನೂಕಿದ. ಹಾಗೇ ಹೊರಟುಹೋದ.

"ಹೇಳ್ದಂಗೆ ಮಾಡ್ದೆ ಕಣವ್ವ! ಎಲ್ಲರದ್ದೂವೆ!"

ಜವರಮ್ಮ ಬೈಯಲಿಲ್ಲ, ಹೊಡೆಯಲೂ ಇಲ್ಲ. ಅಲ್ಲೇ ಹೊಸಿಲ ಮೇಲೆ ಕುಸಿದಳು. "ನಿಂಗೆ ಹೇಳಿ ಹೇಳಿ ಸಾಕಾಯ್ತು ಕಣ್ಲಾ. ಇನ್ನೇನೂ ಹೇಳಕ್ಕಿಲ್ಲ. ನಿನ್ನ ಪಾಲಿಗೆ ನಾನು ಸತ್ತೆ ಅಂತ ತಿಳ್ಕೊ!"

ಬೆಟ್ಟಸ್ವಾಮಿ ಕೇಳಿದ, "ಯಾವಾಗಿಂದವ್ವ?"

"ಈಗ್ಲಿಂದ್ಲೇಯ!"

"ಆಯ್ತವ್ವ," ಅಂದ. ಅಂದವನೇ ಗೋಳೋ ಅಂತ ಅಳೋಕೆ ಶುರು ಮಾಡಿದ.

ಅತ್ತ, ಅತ್ತ, ಅಷ್ಟುದ್ದ ಗಂಡಸು ನೆಲದ ಮೇಲೆ ಹೊರಳಿ ಅತ್ತ. ಎದ್ದು ಹೋಗಿ ಉರಿಯೋ ಒಲೆಗೆ ನೀರು ಸುರಿದ. ಎರಡು ದಿನ ಅನ್ನ ಮುಟ್ಟಲಿಲ್ಲ, ಅವಳ ಮುಖ ನೋಡಲಿಲ್ಲ. ಜವರಮ್ಮನಿಗೆ ಒಳಗೊಳಗೇ ಸಮಾಧಾನ ಆಯಿತು. ಇಪ್ಪತ್ತೆಂಟು ವರ್ಷಕ್ಕೆ ನನ್ನ ಮಗನಿಗೆ ಒಂದು ಮಾತು ನಾಟಿತಲ್ಲ ಅಂದುಕೊಂಡಳು, ಪಾಪ.

ಮೂರನೇ ದಿನ ಬೆಳಗ್ಗೆ ಇನ್ನೊಂದು ಸಲ ಪುಟ್ಟಬಸಪ್ಪನ ಮನೆ ಬಾಗಿಲಿಗೆ ಹೋದಳು. ಮಗ ಈಗ ಸರಿ ಹೋಗಿದ್ದಾನೆ ಅಂತ ಹೇಳೋಕೆ. ಅವನು ಆಗಲೇ ಬೇರೆಯವರನ್ನ ಇಟ್ಟುಕೊಂಡಾಗಿತ್ತು. ಬರಿಗೈಲಿ ಬಂದಳು. ಅಂಗಳಕ್ಕೆ ಕಾಲಿಟ್ಟವಳು ಹಾಗೇ ನಿಂತಳು.

ಬೆಟ್ಟಸ್ವಾಮಿ ತಲೆ ಬೋಳಿಸಿಕೊಂಡು ಒದ್ದೆ ಪಂಚೇಲಿ ಕೂತಿದ್ದ. ಗೋಡೆಗೆ ಜವರಮ್ಮನ ಫೋಟೋ ಒರಗಿಸಿ ಸೇವಂತಿಗೆ ಹಾರ ಹಾಕಿದ್ದ. ಮುಂದೆ ಬಾಳೆಎಲೆ. ಎಲೆ ಮೇಲೆ ಎಡೆ. ಅನ್ನ ಅಲ್ಲ, ವಡೆ ಅಲ್ಲ, ಹಣ್ಣಿನ ಕಡ್ಡಿ!

ದ್ರಾಕ್ಷಿ, ಬಾಳೆ, ಸ್ಟ್ರಾಬೆರಿ, ಮತ್ತೆ ದ್ರಾಕ್ಷಿ. ಒಂದೂ ಡೊಂಕಿಲ್ಲ. ಚಾಕಲೇಟು ಸರಿಯಾಗಿ ಅರ್ಧಕ್ಕೆ. ತುದೀಲಿ ಎರಡೇ ಕಣ್ಣು, ಒಂದು ನಗು. ಅವಳ ಕೈ ಗಟ್ಟಿಯಿದ್ದ ಕಾಲದಲ್ಲೂ ಅಷ್ಟು ಚೆನ್ನಾಗಿ ಮಾಡಿರಲಿಲ್ಲ.

"ಬೆಟ್ಟಾ..." ಜವರಮ್ಮ ಹತ್ತಿರ ಬಂದಳು. "ಯಾರ್ಲಾ ಕಲಿಸಿದ್ದು ಇದನ್ನ?"

"ನಮ್ಮವ್ವ," ಅಂದ ಅವನು, ಮೂಗು ಒರೆಸಿಕೊಳ್ತಾ. "ಸತ್ತೋದ್ಲು."

ಅವಳು ನಡುಗೋ ಕೈಯಲ್ಲಿ ಒಂದು ಕಡ್ಡಿ ಎತ್ತಿಕೊಳ್ಳೋಕೆ ಹೋದಳು.

"ಮುಟ್ಬೇಡ! ಕಾಗೆ ಮುಟ್ಬೇಕು ಮೊದ್ಲು!" ಅಂದ. ತಂತಿ ಮೇಲೆ ಒಂದು ಕಾಗೆ ಕೂತಿತ್ತು, ಇಳೀತಾ ಇರಲಿಲ್ಲ. ಬೆಟ್ಟಸ್ವಾಮಿಗೆ ದಿಗಿಲಾಯಿತು. "ಮುಟ್ತಿಲ್ಲ ಕಣವ್ವ! ಸತ್ತೋರಿಗೆ ಏನೋ ಆಸೆ ಉಳ್ಕಂಡಿದ್ರೆ ಕಾಗೆ ಮುಟ್ಟಕ್ಕಿಲ್ಲ. ನಿಂಗೇನು ಉಳ್ಕಂಡದೆ, ಹೇಳ್ಬುಡು! ನಡೆಸಿಕೊಡ್ತೀನಿ ಅಂತ ಮಾತು ಕೊಟ್ರೆ ಇಳೀತದೆ."

ಜವರಮ್ಮ ಅವನ ಬೋಳು ತಲೆ ನೋಡಿದಳು. ಇನ್ನು ಮುಚ್ಚಿಡೋಕೆ ಏನಿದೆ ಅನ್ನಿಸಿತು. "ನಿನ್ನ ಚಿಂತೆ ಒಂದೇ ಕಣಪ್ಪ. ನಾನು ಹೋದ್ಮೇಲೆ ನಿನ್ನ ನೋಡ್ಕಳೋರು ಯಾರು? ಅದೊಂದೇ ಉಳ್ಕಂಡಿರೋದು."

"ಅಷ್ಟೇಯಾ?" ಬೆಟ್ಟಸ್ವಾಮಿ ಮುಖ ಅರಳಿತು. ಎದ್ದು ನಿಂತು ಕಾಗೆಗೆ ಎರಡೂ ಕೈ ಜೋಡಿಸಿ ಬೀದಿಗೆಲ್ಲ ಕೇಳೋ ಹಾಗೆ ಕೂಗಿದ.

"ಅವ್ವಾ! ನೆಮ್ಮದಿಯಾಗಿ ಹೋಗವ್ವ! ನನ್ನ ಚಿಂತೆ ಬಿಟ್ಬುಡು! ನನ್ನ ನೋಡ್ಕಳಕ್ಕೆ ಮನೇಲಿ ನಮ್ಮವ್ವ ಅವ್ಳೆ!"