ಕೋತಿಯ ಸೊಂಟದಡಿಯ ದಾರಿ

ಗರಡಿಮನೆಯ ಅಂಗಳದಲ್ಲಿ ಕೋತಿಯೊಂದು ಅಂಗಾತ ಮಲಗಿ, ಪೈಲ್ವಾನರನ್ನು ನೋಡಿ ಕಲಿತಂತೆ ಎದ್ದೆದ್ದು ಹೊಟ್ಟೆಯ ಕಸರತ್ತು ಮಾಡುತ್ತಿತ್ತು. ಇಪ್ಪತ್ತಕ್ಕೇ ಬೆನ್ನು ಹಿಡಿದುಕೊಂಡಿತು.

"ಅಯ್ಯೋ, ಸತ್ತೆ! ನೂರು ಮುಗಿಸದಿದ್ದರೆ ಆ ಹುಣಿಸೆಮರಕ್ಕೆ ಹಾರುವುದು ಹೇಗೆ? ಹಾರಲಾರದವನನ್ನು ಹಿಂಡು ಬಿಟ್ಟುಹೋಗುತ್ತದೆ!"

ಅದರ ಸೊಂಟದಡಿಯಿಂದ ಸಕ್ಕರೆ ಹೊತ್ತ ಇರುವೆಯೊಂದು ಹೊರಬಂತು. "ಕೋತಿರಾಯ, ನಿನ್ನ ಸೊಂಟ ಕಮಾನಿನಂತೆ ಎದ್ದಿದೆ. ನಮ್ಮ ಸಾಲೆಲ್ಲ ಅದರಡಿಯೇ ಓಡಾಡುತ್ತಿದೆ! ದುಡಿಯುತ್ತಿರುವುದು ಬೆನ್ನು, ಹೊಟ್ಟೆಯಲ್ಲ. ಮೇಲೇಳಬೇಡ. ಮೊಣಕಾಲು ಮಡಚು, ಉಸಿರು ಬಿಡುತ್ತ ಹೊಕ್ಕುಳನ್ನು ಒಳಗೆಳೆದುಕೋ, ಸೊಂಟವನ್ನು ನೆಲಕ್ಕೊತ್ತಿ ನಮ್ಮ ದಾರಿ ಮುಚ್ಚು, ಹಾಗೆಯೇ ಒಂದೊಂದೇ ಕಾಲು ಚಾಚು. ಸೊಂಟ ಎದ್ದು ದಾರಿ ತೆರೆದ ಕೂಡಲೇ ನಿಲ್ಲಿಸು!"

"ಎಷ್ಟು ಸಲ?"

"ಅದನ್ನು ನಾನು ಹೇಳುತ್ತೇನೆ."

ಮೊದಲ ದಿನ ಎರಡಕ್ಕೇ ದಾರಿ ತೆರೆಯಿತು. ಕೋತಿ ನಾಚಿಕೊಂಡರೂ ನಿಲ್ಲಿಸಿತು. ದಿನವೂ ಬಂದಿತು. ಎರಡು ತಿಂಗಳ ಮೇಲೊಂದು ಬೆಳಿಗ್ಗೆ ಇರುವೆಗಳ ಸಾಲು ಸೊಂಟಕ್ಕೆ ಡಿಕ್ಕಿ ಹೊಡೆದು ನಿಂತಿತು.

"ಕಾಲು ಎಷ್ಟು ಚಾಚಿದರೂ ದಾರಿ ಮುಚ್ಚಿಯೇ ಇದೆ! ಮುಚ್ಚಿಯೇ ಇದೆ!" ಎಂದು ಇರುವೆ ಕುಣಿದಾಡಿತು.

ಕೋತಿ ಒಂದೇ ನೆಗೆತಕ್ಕೆ ಹುಣಿಸೆಮರ ಸೇರಿ ಕೂಗಿತು: "ನಾನು ಇವತ್ತು ಎಷ್ಟು ಮಾಡಿದೆ?"

"ಹತ್ತು!"

ಕೆಳಗೆ ಅಂಗಳದಲ್ಲಿ ಪೈಲ್ವಾನನೊಬ್ಬ ಅದೇ ಹೊಟ್ಟೆಯ ಕಸರತ್ತು ಮಾಡುತ್ತ, ಮುಖ ಹಿಂಡುತ್ತ, "ತೊಂಬತ್ತೆಂಟು, ತೊಂಬತ್ತೊಂಬತ್ತು" ಎಂದು ಎಣಿಸುತ್ತಿದ್ದ. ಸಕ್ಕರೆ ಹೊತ್ತ ಇರುವೆಗಳು ಅವನ ಸೊಂಟದಡಿ ಸರಾಗವಾಗಿ ಸಾಗಿಹೋದವು.