ಯಂತ್ರದೊಳಗಿನ ರಂಗೋಲಿ

"ಗುರುಗಳೇ, ಈಗ ಮೊಬೈಲಿಗೆ ಪೂರ್ತಿ ಬೆಲೆ ತೆರಬೇಕಿಲ್ಲವಂತೆ. ತಿಂಗಳಿಗಿಷ್ಟು ಅಂತ ಕಟ್ಟಿಕೊಂಡು ಹೋದರಾಯಿತು, ವರ್ಷಕ್ಕೊಮ್ಮೆ ಹಳೆಯದನ್ನು ಒಯ್ದು ಹೊಸದನ್ನು ಕೊಡುತ್ತಾರೆ. ಇದು ಲಾಭವೋ ನಷ್ಟವೋ?" ಎಂದು ಶಿಷ್ಯ ಮಹಾಲಿಂಗ ಕೇಳಿದ.

ಗುರುಗಳು ಹುಬ್ಬು ಗಂಟಿಕ್ಕಿದರು. ಲಾಭ ನಷ್ಟ ಆಮೇಲೆ, ಮೊದಲು ಕತೆ ಕೇಳು ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳಿದ್ದಳು. ಅವಳ ತಾಯಿ ರಂಗೋಲಿಗೆ ಹೆಸರಾದವಳು. ತಾಯಿ ತೀರಿಕೊಂಡ ಮೇಲೆ ಮಗಳು ಆ ರಂಗೋಲಿಗಳನ್ನು ಮದುವೆ ರವಿಕೆಗಳ ತೋಳಿನ ಮೇಲೆ ಸೂಜಿ ದಾರದಲ್ಲಿ ಬಿಡಿಸತೊಡಗಿದಳು. ಒಂದು ರವಿಕೆಗೆ ಎಂಟು ದಿನ ಹಿಡಿಯುತ್ತಿತ್ತು. ಆದರೂ ಜನ ಕಾದು ಹೊಲಿಸುತ್ತಿದ್ದರು.

ಅವಳ ಮನೆಗೆ ಒಬ್ಬ ವರ್ತಕ ಕಂಪ್ಯೂಟರ್ ಕಸೂತಿ ಯಂತ್ರ ತಂದ. ಇದನ್ನು ನೀವು ಕೊಳ್ಳುವುದೇ ಬೇಡ, ತಿಂಗಳು ತಿಂಗಳು ಸ್ವಲ್ಪ ಕಟ್ಟಿ, ಕೆಟ್ಟರೆ ನಾವಿದ್ದೇವೆ, ಹೊಸ ಮಾದರಿ ಬಂದರೆ ಬದಲಾಯಿಸಿ ಕೊಡುತ್ತೇವೆ ಎಂದ. ಆಮೇಲೆ ಒಪ್ಪಂದದ ಕಾಗದದ ಕಂತೆ ಮುಂದಿಟ್ಟ. ಅಕ್ಕಾ ಅಕ್ಕಾ ಎನ್ನುವವನ ಎದುರಿಗೆ ಕೂತು ಕಾಗದ ಓದಿದರೆ ಅವನನ್ನು ಅನುಮಾನಿಸಿದಂತಾಗುತ್ತದೆಂದು ಅವಳಿಗೆ ಸಂಕೋಚ. ರುಜು ಹಾಕಿ, ಕಾಫಿ ಕೊಟ್ಟು ಕಳಿಸಿದಳು. ಇಂಥವರು ಕುತ್ತಿಗೆ ಕೊಯ್ಯುವ ಮನೆಯಲ್ಲಿ ಕಾಫಿಯನ್ನೂ ಕುಡಿದೇ ಹೋಗುತ್ತಾರೆ.

ಯಂತ್ರ ಚೆನ್ನಾಗಿಯೇ ನಡೆಯಿತು, ಸುಳ್ಳು ಹೇಳಬಾರದು. ಎಂಟು ದಿನದ ಕೆಲಸ ಒಂದು ಗಂಟೆಗೆ ಇಳಿಯಿತು. ತಾಯಿಯ ರಂಗೋಲಿಗಳನ್ನೆಲ್ಲ ಅವಳು ಒಂದೊಂದಾಗಿ ನೆನಪಿಸಿಕೊಂಡು ಯಂತ್ರದ ಪರದೆಯ ಮೇಲೇ ಬರೆದಿಟ್ಟಳು. ಕಾಗದದ ಮೇಲೆ ಒಂದನ್ನೂ ಬರೆದುಕೊಳ್ಳಲಿಲ್ಲ. ಮೂರು ವರ್ಷ ಕಂತು ತಪ್ಪಲಿಲ್ಲ. ಅಷ್ಟರಲ್ಲಿ ಕಟ್ಟಿದ ಹಣಕ್ಕೆ ಅಂಥ ಎರಡು ಯಂತ್ರಗಳೇ ಬರುತ್ತಿದ್ದವು.

ಕಂತಿನ ದಿನ ಶುಕ್ರವಾರ ಬಿದ್ದರೆ ಅವಳು ಗುರುವಾರವೇ ಕಟ್ಟಿಬಿಡುತ್ತಿದ್ದಳು. ಒಂದು ಸಲ ಮದುವೆ ರವಿಕೆಗಳ ಗಡಿಬಿಡಿಯಲ್ಲಿ ಮರೆತಳು. ಶುಕ್ರವಾರ ದೀಪ ಹಚ್ಚುವಾಗ ನೆನಪಾಯಿತು. ಶುಕ್ರವಾರ ಮನೆಯ ಲಕ್ಷ್ಮಿಯನ್ನು ಹೊರಗೆ ಕಳಿಸುವುದುಂಟೇ? ಮೂರು ವರ್ಷದ ಗಿರಾಕಿ ನಾನು, ಒಂದು ದಿನ ತಡೆದಾರು ಎಂದುಕೊಂಡಳು. ವರ್ತಕನೂ ಶುಕ್ರವಾರ ತನ್ನ ಗಲ್ಲಾಪೆಟ್ಟಿಗೆಯಿಂದ ಒಂದು ಕಾಸು ಬಿಚ್ಚುವವನಲ್ಲ. ಆದರೆ ಪರರ ಲಕ್ಷ್ಮಿ ಬರಲು ಅವನಿಗೆ ಯಾವ ವಾರವಾದರೂ ಆದೀತು.

ಶನಿವಾರ ಬೆಳಿಗ್ಗೆ ಯಂತ್ರ ಏಳಲಿಲ್ಲ. ವರ್ತಕ ತನ್ನ ಊರಿನಲ್ಲಿ ಕೂತೇ ಅದನ್ನು ನಿಲ್ಲಿಸಿದ್ದ. ಮಧ್ಯಾಹ್ನದ ಹೊತ್ತಿಗೆ ಗಾಡಿ ತಂದು ಬಾಗಿಲಲ್ಲಿ ನಿಂತ. ಅವಳು ಹಣ ಮುಂದೆ ಹಿಡಿದಳು. ಒಪ್ಪಂದ ಮುರಿದುಹೋಗಿದೆ ಎಂದು ಅವನು ಕೈ ಅಲ್ಲಾಡಿಸಿದ.

"ನಿಮ್ಮ ಯಂತ್ರ ನೀವು ತಗೊಂಡು ಹೋಗಿ ಸ್ವಾಮಿ. ಒಳಗಿರೋ ರಂಗೋಲಿ ನಮ್ಮಮ್ಮಂದು, ಅದನ್ನ ಕೊಟ್ಟು ಹೋಗಿ" ಎಂದಳು.

"ಕಾಗದ ಓದಿಲ್ವಾ ಅಕ್ಕಾ? ಒಳಗೆ ಹಾಕಿದ್ದೆಲ್ಲ ನಮ್ಮದೇ."

ಅವಳು ಮತ್ತೆ ಸೂಜಿ ಹಿಡಿದಳು. ಯಂತ್ರದಲ್ಲಿ ಇದೆಯಲ್ಲ ಎಂಬ ಧೈರ್ಯಕ್ಕೆ ಅರ್ಧಕ್ಕರ್ಧ ರಂಗೋಲಿ ಮರೆತೇ ಹೋಗಿದ್ದವು. ನೆನಪಿದ್ದದ್ದರಲ್ಲಿ ಒಂದನ್ನು ಹತ್ತು ದಿನ ಕೂತು ಬಿಡಿಸಿ ಕೊಟ್ಟಳು. ಮದುಮಗಳ ತಾಯಿ ತೋಳನ್ನು ತಿರುಗಿಸಿ ನೋಡಿ, ಇದು ಪೇಟೆಯಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಅಲ್ಲಿ ನೋಡಿ ನಕಲು ಮಾಡಿದಿರಾ ಎಂದು ಕೇಳಿದಳು. ವರ್ತಕ ಆ ರಂಗೋಲಿಗಳನ್ನು ತನ್ನ ಎಲ್ಲ ಯಂತ್ರಗಳಿಗೂ ತುಂಬಿಸಿದ್ದ. ನಮ್ಮಮ್ಮನದು ಎಂದರೆ ನಂಬುವವರು ಯಾರು?

ಗುರುಗಳು ಕತೆ ಮುಗಿಸಿದರು. ಮಹಾಲಿಂಗ, ತಪ್ಪು ಅವಳದೂ ಇದೆಯಲ್ಲ ಗುರುಗಳೇ, ಓದದೆ ರುಜು ಹಾಕಬಾರದಿತ್ತು ಎಂದ.

ಗುರುಗಳು ಅವನನ್ನೇ ದಿಟ್ಟಿಸಿದರು.

"ನಿನ್ನ ಜೇಬಿನಲ್ಲಿರುವ ಹೊಸ ಮೊಬೈಲಿನ ಒಪ್ಪಂದ ಎಷ್ಟು ಪುಟ ಇದೆ, ಹೇಳು."

ಮಹಾಲಿಂಗ ಮೊಬೈಲು ಹೊರತೆಗೆದು ಒಪ್ಪಂದ ಎಲ್ಲಿದೆಯೆಂದು ಹುಡುಕತೊಡಗಿದ.